ನಾಲಗೆಯ ಸಾಕ್ಷಿ ಎಲ್ಲಿಯತನಕ

ಗಡಿಯೂರು ನಿಪ್ಪಾಣಿಯ ಕಿರಾಣಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಎರಡು ಭಾಷೆ ಕಿವಿಗೆ ಬೀಳುತ್ತವೆ. ಒಬ್ಬರು ಮೆಣಸು ಕೇಳುತ್ತಾರೆ, ಇನ್ನೊಬ್ಬರು ಮಿರಿ ಕೇಳುತ್ತಾರೆ. ಅಂಗಡಿಯವರು ಇಬ್ಬರಿಗೂ ಒಂದೇ ಡಬ್ಬಿಯಿಂದ ಕರಿಕಾಳು ತೂಗಿಕೊಡುತ್ತಾರೆ. ಪಕ್ಕದ ಚೀಲದಲ್ಲಿರುವ ಕೆಂಪು ಕಾಯಿಗೆ ಕನ್ನಡದಲ್ಲಿ ಮೆಣಸಿನಕಾಯಿ, ಮರಾಠಿಯಲ್ಲಿ ಮಿರಚಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸಂತೆಗಳಲ್ಲೂ ಇದೇ ಜೋಡಿಮಾತು. ಕನ್ನಡ ದ್ರಾವಿಡ ಭಾಷೆ, ಮರಾಠಿ ಆರ್ಯ ಭಾಷೆ. ಹೊರಗಿನಿಂದ ಬಂದ ಕಾಯಿಗೆ ಹೆಸರಿಡಬೇಕಾದಾಗ ಎರಡೂ ಒಂದೇ ಕೆಲಸ ಮಾಡಿದವು: ಹಳೆಯ ಕಾಳಿನ ಹೆಸರನ್ನು ಹೊಸ ಕಾಯಿಗೆ ಕೊಟ್ಟವು.

ಸಸ್ಯಶಾಸ್ತ್ರ ಓದಿದವರು ಇದನ್ನು ಒಪ್ಪಲಾರರು. ಕಾಳುಮೆಣಸು ಘಟ್ಟದ ಬಳ್ಳಿ, ವೀಳ್ಯದೆಲೆಯ ಒಡಹುಟ್ಟು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ವ್ಯಾಪಾರದಿಂದ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದ ಗಿಡ, ಬದನೆ ಟೊಮ್ಯಾಟೊಗಳ ಕುಲದ್ದು. 16ನೆಯ ಶತಮಾನದಲ್ಲಿ ಅದೇ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕಡೆಗೆ ಬಂದದ್ದು. ಎಲೆ, ಹೂವು, ಹಣ್ಣು, ಬೀಜ ಯಾವುದರಲ್ಲೂ ಇವೆರಡಕ್ಕೆ ಹೋಲಿಕೆಯಿಲ್ಲ. ಹಾಗಾದರೆ ಹಿಂದಿನವರು ತಪ್ಪು ಹೆಸರಿಟ್ಟರೆ?

ಅವರು ಸರಿಯಾಗಿಯೇ ಇಟ್ಟರು ಎಂದು ನನ್ನ ವಾದ. ಅವರು ಹೆಸರಿಟ್ಟದ್ದು ನಾಲಗೆಯನ್ನು ನಂಬಿ, ಕಣ್ಣನ್ನು ನಂಬಿ ಅಲ್ಲ. ನಾಲಗೆಯ ಆ ತೀರ್ಪು ಪ್ರಯೋಗಶಾಲೆಯಲ್ಲಿ ರುಜುವಾತಾಗಲು ಸುಮಾರು 400 ವರ್ಷ ಬೇಕಾಯಿತು. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನಾಲಗೆ ಒಂದು ಪ್ರಶ್ನೆಗೆ ನಿಜವಾದ ಸಾಕ್ಷಿ. ಉಳಿದ ಪ್ರಶ್ನೆಗಳಿಗೆ ಅದು ಸಾಕ್ಷಿಯೇ ಅಲ್ಲ. ಈ ಗಡಿಯನ್ನು ಗುರುತಿಸಿಕೊಳ್ಳದೆ ನಾವು ಎರಡು ಕಡೆ ಜಾರುತ್ತಿದ್ದೇವೆ. ಒಂದು ಕಡೆ, ಅಡುಗೆಮನೆಯ ತಿಳಿವಳಿಕೆ ಎಂದರೆ ಮೂಢನಂಬಿಕೆ ಎಂಬ ಉಡಾಫೆ. ಇನ್ನೊಂದು ಕಡೆ, ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂಬ ಹೆಮ್ಮೆ. ಈಗ ಹೆಚ್ಚು ಹಾನಿ ಮಾಡುತ್ತಿರುವುದು ಎರಡನೆಯದು ಎಂದು ನನಗನ್ನಿಸುತ್ತದೆ.

ಮೊದಲು ನಾಲಗೆಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಕಾಳುಮೆಣಸಿನ ಖಾರವನ್ನು ಅದರಿಂದ ಬೇರೆ ಮಾಡಿ ತೆಗೆದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, 1819ರಲ್ಲಿ. ವಿದ್ಯುತ್ತು ಹರಿದಾಗ ದಿಕ್ಸೂಚಿಯ ಮುಳ್ಳು ಅಲುಗುವುದನ್ನು 1820ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ವಿಜ್ಞಾನಿ ಅವರೇ. ಆ ಖಾರದ ವಸ್ತುವಿಗೆ ಪಿಪರಿನ್ ಎಂದು ಹೆಸರಾಯಿತು. ಒಣಗಿದ ಕಾಳಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 9 ಪಾಲು ಅದೇ ಇರುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಜಾನ್ ಕ್ಲಫ್ ಥ್ರೆಶ್, 1876ರಲ್ಲಿ. ಎರಡೂ ಅಣುಗಳ ಕಟ್ಟಡ ಬಿಡಿಸಿ ನೋಡಿದರೆ ದೂರದ ನೆಂಟಸ್ತಿಕೆ ಕಾಣುತ್ತದೆ: ಒಂದು ತುದಿಯಲ್ಲಿ ಆಮ್ಲಜನಕ ಅಂಟಿಕೊಂಡ ಉಂಗುರ, ನಡುವೆ ಅಮೈಡ್ ಎಂಬ ಒಂದೇ ಬಗೆಯ ಕೊಂಡಿ. ಖಾರದಲ್ಲಿ ಮಾತ್ರ ಅಜಗಜಾಂತರ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಹಾಕಿಕೊಟ್ಟ ಅಳತೆಯಲ್ಲಿ ಶುದ್ಧ ಕ್ಯಾಪ್ಸೈಸಿನ್ 1 ಕೋಟಿ 60 ಲಕ್ಷ ಮುಟ್ಟಿದರೆ ಪಿಪರಿನ್ ಸುಮಾರು ಒಂದು ಲಕ್ಷದ ಹತ್ತಿರ. ಸ್ಕೋವಿಲ್ ಬಳಸಿದ ಸಲಕರಣೆ ಕೂಡ ನಾಲಗೆಯೇ. ಖಾರದ ರಸವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗುವುದು, ರುಚಿ ನೋಡುವವರಿಗೆ ಉರಿ ಹತ್ತದಂತಾದಾಗ ನಿಲ್ಲಿಸಿ ಲೆಕ್ಕ ಬರೆಯುವುದು. ಅಷ್ಟೆ.

ನಿರ್ಣಾಯಕ ಉತ್ತರ ಬಂದದ್ದು 1997ರಲ್ಲಿ. ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಅವರ ತಂಡ ನರಗಳ ತುದಿಯಲ್ಲಿ ಕ್ಯಾಪ್ಸೈಸಿನ್ ಹೋಗಿ ತಟ್ಟುವ ಬಾಗಿಲನ್ನು ಗುರುತಿಸಿತು. ಟಿಆರ್‌ಪಿವಿ1 ಎಂಬ ಆ ಪ್ರೋಟೀನು ಇರುವುದು ಸುಡುಬಿಸಿಯನ್ನು ಅರಿಯಲಿಕ್ಕೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ತಗುಲಿದರೆ ಅದು ತೆರೆದುಕೊಂಡು ಮಿದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಶಾಖವಿಲ್ಲದೆಯೇ ಅದನ್ನು ತೆರೆಯುತ್ತದೆ. ಪಿಪರಿನ್ ಕೂಡ ತಟ್ಟುವುದು ಅದೇ ಬಾಗಿಲನ್ನು ಎಂದು 2005ರ ಪ್ರಯೋಗಗಳು ತೋರಿಸಿದವು. ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂದಾಗ ಪತ್ರಿಕೆಗಳು ಮೆಣಸಿನಕಾಯಿಯ ಚಿತ್ರ ಹಾಕಿದವು. ನನಗೆ ನೆನಪಾದದ್ದು ಮೆಣಸು–ಮೆಣಸಿನಕಾಯಿ, ಮಿರಿ–ಮಿರಚಿ ಎಂಬ ನಾಲ್ಕು ಶಬ್ದ. ಹಾಗೆಂದು ನಮ್ಮವರಿಗೆ ಅಣುಗಳು ಗೊತ್ತಿದ್ದವು ಎಂದು ಹೇಳಹೊರಟಿಲ್ಲ. ಅವರು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇದು ಬಾಯಲ್ಲಿ ಏನು ಮಾಡುತ್ತದೆ? ಆ ಪ್ರಶ್ನೆಗೆ ಅವರಲ್ಲಿದ್ದ ಸಲಕರಣೆ ತಕ್ಕದ್ದಾಗಿತ್ತು. ಉತ್ತರ ಸರಿಯಾಗಿ ಬಂತು.

ಸಲಕರಣೆ ತಕ್ಕದ್ದಾಗಿದ್ದಲ್ಲೆಲ್ಲ ಅಡುಗೆಮನೆ ಬಹಳ ನಿಖರ. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವಾಗ ಈ ಭಾಗದ ಹೆಂಗಸರು ಒಂದೇ ಜಾತಿಯ ಕಾಯಿ ತರುವುದಿಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಅಥವಾ ಗುಂಟೂರು. ಚಿಕ್ಕೋಡಿಯಿಂದ ಆಚೆ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹೆಸರು ಹೊತ್ತ ಆ ಉದ್ದನೆಯ ತೆಳ್ಳಗಿನ ಜವಾರಿ ಕಾಯಿ ಗಡಿಯ ಎರಡೂ ಬದಿಯ ಅಡುಗೆಗೆ ಬೇಕು. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಅದರ ಬಣ್ಣದ ಕೀರ್ತಿಯಿಂದ. ಅದರ ಖಾರ ಹೆಸರಿಗಷ್ಟೆ. ಕೆಂಪು ಬೇರೆ, ಖಾರ ಬೇರೆ, ಒಂದು ಹೆಚ್ಚಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ ಎಂಬುದು ಇಲ್ಲಿಯ ಗೃಹಿಣಿಗೆ ಯಾರೂ ಹೇಳಿಕೊಟ್ಟ ಪಾಠವಲ್ಲ. ಬಣ್ಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯದ್ದು, ಖಾರ ಕ್ಯಾಪ್ಸೈಸಿನ್ನಿನದು ಎಂದು ರಸಾಯನಶಾಸ್ತ್ರ ಬೇರ್ಪಡಿಸಿದ್ದನ್ನು ಅವಳು ಸೇರಿನ ಲೆಕ್ಕದಲ್ಲಿ ಬೇರ್ಪಡಿಸಿ ಮತ್ತೆ ಕೂಡಿಸಿದ್ದಾಳೆ. ಜೋಳದ ರೊಟ್ಟಿಯ ಮೇಲೆ ಖಾರದ ಹಿಂಡಿ ಹಾಕಿಕೊಂಡು ಅದಕ್ಕೆ ಎಣ್ಣೆಯನ್ನೋ ಮೊಸರನ್ನೋ ಬಿಟ್ಟುಕೊಳ್ಳುವ ರೂಢಿಯೂ ಹಾಗೆಯೇ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಹಾಲು ಮೊಸರಿನ ಕೇಸಿನ್ ಎಂಬ ಪ್ರೋಟೀನು ಅದನ್ನು ನಾಲಗೆಯಿಂದ ಬಿಡಿಸಿ ಒಯ್ಯುತ್ತದೆ.

ಕಣ್ಣು ಅಡ್ಡಬಂದಲ್ಲಿ ಅದೇ ಅಡುಗೆಮನೆ ತಪ್ಪಿದ್ದೂ ಉಂಟು. ಖಾರ ಬೀಜದಲ್ಲಿದೆ ಎಂದು ಬಹಳ ಜನ ನಂಬುತ್ತಾರೆ. ಖಾರ ತಯಾರಾಗುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ದಿಂಡಿನಲ್ಲಿ. ಅದಕ್ಕೆ ತಾಗಿಕೊಂಡಿದ್ದರಿಂದ ಬೀಜಕ್ಕೂ ಮೆತ್ತಿರುತ್ತದೆ. ಗಿಡಕ್ಕೆ ಬೀಜವೇ ಮುಖ್ಯ ಎಂಬುದು ಮಾತ್ರ ನಿಜ. ಇಲಿಯಂಥ ಪ್ರಾಣಿಗಳು ಬೀಜವನ್ನು ಅಗಿದು ಹಾಳುಮಾಡುತ್ತವೆ, ಅವಕ್ಕೆ ಉರಿ ಹತ್ತುತ್ತದೆ. ಹಕ್ಕಿಗಳ ಹೊಟ್ಟೆಯಿಂದ ಬೀಜ ಕೆಡದೆ ಹೊರಬರುತ್ತದೆ, ಅವಕ್ಕೆ ಉರಿಯೇ ಇಲ್ಲ. ಹಕ್ಕಿಗಳ ನರದಲ್ಲಿರುವ ಅದೇ ಬಾಗಿಲು ಕ್ಯಾಪ್ಸೈಸಿನ್ನಿಗೆ ತೆರೆದುಕೊಳ್ಳದು ಎಂದು 2002ರಲ್ಲಿ ತಿಳಿದುಬಂತು. ಹೊಲದಲ್ಲಿ ಗಿಳಿ ಮೆಣಸಿನಕಾಯಿಯನ್ನು ಹಣ್ಣಿನಂತೆ ತಿನ್ನುವುದು ಇದಕ್ಕೇ. ಖಾರವೆಂಬುದು ಕಾಯಿಯ ಒಳಗೆ ಮಾತ್ರ ಇರುವ ಗುಣವೇ ಆಗಿದ್ದರೆ ಗಿಳಿಗೂ ಉರಿಯಬೇಕಿತ್ತು. ತಿನ್ನುವ ಜೀವಕ್ಕೂ ಕಾಯಿಗೂ ನಡುವೆ ನಡೆಯುವ ಮಾತುಕತೆ ಅದು.

ನಾಲಗೆಯ ಅಧಿಕಾರ ಗಂಟಲಿನಲ್ಲಿ ಮುಗಿಯುತ್ತದೆ. ಮೆಣಸು ಅಲ್ಲಿಂದ ಕೆಳಗಿಳಿದ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಬರುತ್ತಿದ್ದಂತೆ ಕಥೆ ಬದಲಾಗುತ್ತದೆ. ರಾಯಬಾಗ, ಚಿಕ್ಕೋಡಿ, ಅಥಣಿಯ ರೈತರಿಗೆ ಇದು ಮನೆಬಾಗಿಲಿನ ವಿಷಯವೂ ಹೌದು, ಏಕೆಂದರೆ ಇದು ಅರಿಸಿನದ ವಿಷಯ.

ಕೃಷ್ಣೆಯ ನೀರು ಹರಿಯುವ ಈ ತಾಲೂಕುಗಳಲ್ಲಿ ಕಬ್ಬಿನ ನಡುವೆ ಅರಿಸಿನದ ಹೊಲಗಳಿವೆ. ಗಡ್ಡೆ ಅಗೆದು, ಬೇಯಿಸಿ, ಒಣಗಿಸಿ, ತಿಕ್ಕಿ ಹೊಳಪು ಬರಿಸಿ ಸಾಂಗ್ಲಿ ಪೇಟೆಗೆ ಒಯ್ಯುತ್ತಾರೆ. ಅರಿಸಿನದ ಕರ್ಕ್ಯುಮಿನ್ ಎಂಬ ಹಳದಿ ದ್ರವ್ಯ ಬಾಯಿಂದ ಒಳಹೋದರೂ ರಕ್ತಕ್ಕೆ ಸೇರುವುದು ತೀರ ಅಲ್ಪ. ಕರುಳು ಮತ್ತು ಯಕೃತ್ತು ಅದಕ್ಕೆ ಸಕ್ಕರೆಯಂಥದೊಂದು ಅಣುವನ್ನು ಜೋಡಿಸಿ ಬೇಗ ಹೊರಹಾಕಿಬಿಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವೇ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ಆಮೇಲೆ ಅದರೊಡನೆ 20 ಮಿಲಿಗ್ರಾಂ ಪಿಪರಿನ್ ಸೇರಿಸಿ ಕೊಟ್ಟರು. ರಕ್ತಕ್ಕೆ ಸೇರುವ ಪ್ರಮಾಣ ಶೇಕಡಾ 2000ದಷ್ಟು ಏರಿತು. ಈ ಒಂದು ಅಂಕಿ ಅಂದಿನಿಂದ ಜಗತ್ತೆಲ್ಲ ಸುತ್ತುತ್ತಿದೆ. ಅರಿಸಿನ–ಮೆಣಸಿನ ಮಾತ್ರೆಗಳ ಡಬ್ಬಿಯ ಮೇಲೆ ಅದೇ, ಮೊಬೈಲಿಗೆ ಬರುವ ಸಂದೇಶಗಳಲ್ಲೂ ಅದೇ. ಜೊತೆಗೆ ಒಂದು ಸಾಲು ತಪ್ಪದೆ ಇರುತ್ತದೆ: ನಮ್ಮ ಹಿರಿಯರು ಹಾಲಿಗೆ ಅರಿಸಿನ, ಮೆಣಸು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

ಲೆಕ್ಕ ಹಾಕಿ ನೋಡೋಣ. 20 ಮಿಲಿಗ್ರಾಂ ಪಿಪರಿನ್ ಬೇಕಾದರೆ ಶೇಕಡಾ 5ರ ಲೆಕ್ಕದಲ್ಲಿ 400 ಮಿಲಿಗ್ರಾಂ ಮೆಣಸು ಸಾಕು, ಒಂದು ಚಿಟಿಕೆ. ಅದು ಅಡುಗೆಯ ಪ್ರಮಾಣವೇ. ಆದರೆ 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ? ಪುಡಿಯಲ್ಲಿ ಶೇಕಡಾ 3 ಕರ್ಕ್ಯುಮಿನ್ ಇದೆ ಎಂದುಕೊಂಡರೂ 65 ಗ್ರಾಮಿಗಿಂತ ಹೆಚ್ಚು ಅರಿಸಿನ ಬೇಕು. ಅಷ್ಟನ್ನು ಯಾವ ಅಜ್ಜಿಯೂ ಒಂದು ಲೋಟ ಹಾಲಿಗೆ ಹಾಕಿಲ್ಲ. ಹಾಲಿನ ಲೋಟಕ್ಕೂ ಆ ಪ್ರಯೋಗಕ್ಕೂ ಇರುವ ಸಂಬಂಧ ಅಷ್ಟೇ ದೂರದ್ದು. ಶೇಕಡಾ 2000 ಎಂಬುದು ದೊಡ್ಡದಾಗಿ ಕೇಳಿಸುವುದು ಮೂಲ ಮೊತ್ತ ಸೊನ್ನೆಯ ಹತ್ತಿರ ಇದ್ದುದರಿಂದ. ಅಂಕಿ ಸುಳ್ಳಲ್ಲ. ಅದರಿಂದ ಎಳೆದ ತೀರ್ಮಾನ ಸುಳ್ಳು.

ಅದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಪಿಪರಿನ್ ಕರ್ಕ್ಯುಮಿನ್ನಿಗೆ ಉಪಕಾರ ಮಾಡಲೆಂದು ಹುಟ್ಟಿದ್ದಲ್ಲ. ಹೊರಗಿನ ವಸ್ತುಗಳನ್ನು ಒಡೆದು ಹೊರಹಾಕುವ ಕರುಳಿನ, ಯಕೃತ್ತಿನ ಕಿಣ್ವಗಳನ್ನು ಅದು ತಡೆಯುತ್ತದೆ. ಆ ತಡೆಗೆ ಅರಿಸಿನ ಯಾವುದು, ಔಷಧಿ ಯಾವುದು ಎಂಬ ಭೇದವಿಲ್ಲ. ಜಮ್ಮುವಿನ ವೈದ್ಯರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 20 ಮಿಲಿಗ್ರಾಂ ಪಿಪರಿನ್ ಏಳು ದಿನ ತೆಗೆದುಕೊಂಡವರ ರಕ್ತದಲ್ಲಿ ಪ್ರೊಪ್ರನೊಲಾಲ್ ಮತ್ತು ಥಿಯೋಫಿಲಿನ್ ಎಂಬ ಔಷಧಿಗಳ ಪ್ರಮಾಣ ಏರಿತ್ತು. ಮೊದಲನೆಯದು ರಕ್ತದೊತ್ತಡಕ್ಕೆ ಕೊಡುವ ಗುಳಿಗೆ, ಎರಡನೆಯದು ಉಬ್ಬಸಕ್ಕೆ. ಥಿಯೋಫಿಲಿನ್ ಸ್ವಲ್ಪ ಹೆಚ್ಚಾದರೂ ಹೃದಯದ ಬಡಿತ ಏರುಪೇರಾಗುವ ಔಷಧಿ. ಮೂರ್ಛೆರೋಗದ ಫೆನಿಟೊಯಿನ್ ಮೇಲೂ ಇಂಥ ಪರಿಣಾಮ ಕಂಡಿದ್ದರು. ರೋಗಿಗೆ ಇದಾವುದರ ಸುಳಿವೂ ಸಿಗುವುದಿಲ್ಲ. ಮಾತ್ರೆಯ ಕವಚದೊಳಗಿನ ಪಿಪರಿನ್ ನಾಲಗೆಗೆ ತಾಗುವುದೇ ಇಲ್ಲವಲ್ಲ! ಊಟದಲ್ಲಿ ಮೆಣಸು ಹೆಚ್ಚಾದರೆ ಬಾಯಿ ಸಾಕೆನ್ನುತ್ತದೆ. ಮಾತ್ರೆ ಆ ಕಾವಲನ್ನು ದಾಟಿ ಹೋಗುತ್ತದೆ.

2022ರಲ್ಲಿ ಅಮೆರಿಕದ ಒಂದು ವೈದ್ಯರ ಜಾಲ ಅರಿಸಿನದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ 10 ರೋಗಿಗಳ ವಿವರ ಪ್ರಕಟಿಸಿತು. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಪರೀಕ್ಷಿಸಲು ಸಿಕ್ಕ ಮಾತ್ರೆಗಳಲ್ಲಿ ಮೂರರಲ್ಲಿ ಪಿಪರಿನ್ ಇತ್ತು. ಹತ್ತರಲ್ಲಿ ಏಳು ಜನರಲ್ಲಿ ಒಂದೇ ಬಗೆಯ ಆನುವಂಶಿಕ ಗುರುತು ಕಂಡಿತು, ಅಂದರೆ ಕೆಲವರ ದೇಹ ಹುಟ್ಟಿನಿಂದಲೇ ಇದಕ್ಕೆ ಒಗ್ಗದು. ಎಷ್ಟೋ ಜನ ತಿಂದು ಏನೂ ಆಗದೆ ಇದ್ದಾರೆ ಎಂಬುದು ನಿಜ. ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಬಲ್ಲ ನಾಲಗೆ ಯಾರಿಗೂ ಇಲ್ಲ.

ಹಾಗಾದರೆ ಪಿಪರಿನ್ ಔಷಧಿಯಾಗಬಾರದೇ? ಆಗಿದೆ, ಅದೂ ನಮ್ಮ ದೇಶದಲ್ಲಿಯೇ. ಶುಂಠಿ, ಹಿಪ್ಪಲಿ, ಮೆಣಸುಗಳ ತ್ರಿಕಟುವನ್ನು ಆಯುರ್ವೇದದವರು ಅಷ್ಟೊಂದು ಔಷಧಿಗಳಿಗೆ ಏಕೆ ಸೇರಿಸುತ್ತಾರೆ ಎಂಬ ಪ್ರಶ್ನೆಯನ್ನು ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ಸಿ. ಕೆ. ಅಟಲ್ ಗಂಭೀರವಾಗಿ ಕೈಗೆತ್ತಿಕೊಂಡರು. ಬೇರೆ ಔಷಧಿಗಳು ರಕ್ತಕ್ಕೆ ಸೇರಲು ಅದು ನೆರವಾಗುತ್ತಿರಬಹುದು ಎಂಬುದು ಅವರ ಊಹೆ. ಆ ದಾರಿಯಲ್ಲಿ ಮುಂದುವರಿದ ಕೆಲಸದಿಂದ 2009ರಲ್ಲಿ ಕ್ಷಯರೋಗಕ್ಕೆ ಒಂದು ಮಾತ್ರೆ ಬಂತು. 450 ಮಿಲಿಗ್ರಾಂ ರಿಫಾಂಪಿಸಿನ್ ಬೇಕಾಗುತ್ತಿದ್ದ ಜಾಗದಲ್ಲಿ 10 ಮಿಲಿಗ್ರಾಂ ಪಿಪರಿನ್ ಜೊತೆಗೂಡಿಸಿ 200 ಮಿಲಿಗ್ರಾಂ ಕೊಡುವ ಮಾತ್ರೆ. ಹಳೆಯ ವೈದ್ಯರ ರೂಢಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಇದು ಎಂದು ನನಗೆ ತೋರುತ್ತದೆ. ಅಟಲ್ ಅವರು ರೂಢಿಯನ್ನು ಪ್ರಶ್ನೆಯಾಗಿ ತೆಗೆದುಕೊಂಡರು, ವರ್ಷಗಟ್ಟಲೆ ಅಳೆದರು. ಮಾತ್ರೆಯ ಡಬ್ಬಿಯ ಮೇಲಿನ ಸಾಲು ಅದೇ ರೂಢಿಯನ್ನು ಉತ್ತರವಾಗಿ ಮಾರುತ್ತಿದೆ. ಅರಿಸಿನಕ್ಕೆ ಬೇಡಿಕೆ ಬಂದರೆ ನಮ್ಮ ರೈತರಿಗೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅರಿಸಿನ ಬೆಳೆಯುವ ಹಾರೂಗೇರಿಯ ಒಬ್ಬ ರೈತ ಸಂಜೆ ರಕ್ತದೊತ್ತಡದ ಗುಳಿಗೆ ನುಂಗುವವನೂ ಆಗಿರಬಹುದು. ಅವನ ಬೆಳೆಗೆ ಬೆಲೆ ಬರಬೇಕಾದದ್ದು ಅವನ ಯಕೃತ್ತನ್ನು ಪಣಕ್ಕಿಟ್ಟು ಅಲ್ಲ.

ಇನ್ನು ನಿಪ್ಪಾಣಿಗೆ ಮರಳುತ್ತೇನೆ. ಈ ಊರಿನ ಹೆಸರು ಹೇಳಿದರೆ ಯಾರಿಗಾದರೂ ಮೊದಲು ನೆನಪಾಗುವುದು ಬೀಡಿ ತಂಬಾಕು. ತಂಬಾಕೂ ಮೆಣಸಿನಕಾಯಿಯೂ ದಾಯಾದಿಗಳು: ಎರಡೂ ಬದನೆಯ ಕುಲದವು, ಎರಡೂ ಅಮೆರಿಕದಿಂದ ಬಂದವು, ಎರಡೂ ತಮ್ಮನ್ನು ತಿನ್ನಬರುವ ಜೀವಿಗಳನ್ನು ದೂರವಿಡಲು ಮೈಯಲ್ಲಿ ರಾಸಾಯನಿಕ ತುಂಬಿಕೊಂಡವು. ಭಾಷೆಯೂ ಇವೆರಡನ್ನು ಒಂದು ಶಬ್ದದಿಂದ ಕಟ್ಟಿದೆ. ಮೆಣಸಿನಕಾಯಿ ಹುರಿದರೆ ಏಳುವುದು ಘಾಟು, ತಂಬಾಕಿನ ವಖಾರಿಯ ಬಾಗಿಲು ತೆರೆದರೆ ಮೂಗಿಗೆ ಹೊಡೆಯುವುದೂ ಘಾಟು. ಮೆಣಸು–ಮೆಣಸಿನಕಾಯಿ ಎಂಬ ಜೋಡಿ ನಮಗೆ ಸರಿಯಾದದ್ದನ್ನು ಕಲಿಸಿತು. ಘಾಟು ಎಂಬ ಈ ಒಂದು ಶಬ್ದ ಮಾತ್ರ ದೊಡ್ಡದೊಂದು ವ್ಯತ್ಯಾಸವನ್ನು ಮುಚ್ಚಿಹಾಕಿತು.

ಕ್ಯಾಪ್ಸೈಸಿನ್ ಸದ್ದುಮಾಡುವ ವಸ್ತು. ಮೆಣಸಿನಕಾಯಿಯ ತೊಟ್ಟು ಮುರಿದವರ ಬೆರಳು ರಾತ್ರಿಯೆಲ್ಲ ಉರಿಯುತ್ತದೆ, ಆ ಕೈಯಿಂದ ಮಗುವನ್ನು ಎತ್ತಿಕೊಳ್ಳಲು ತಾಯಿ ಹೆದರುತ್ತಾಳೆ. ಹಾಗಿದ್ದೂ ಊಟದ ಪ್ರಮಾಣದಲ್ಲಿ ಅದು ಚರ್ಮವನ್ನಾಗಲಿ ನಾಲಗೆಯನ್ನಾಗಲಿ ನಿಜವಾಗಿ ಸುಡುವುದಿಲ್ಲ. ಸುಡುತ್ತಿದೆ ಎಂಬ ಸುದ್ದಿ ಮಾತ್ರ ಅಲ್ಲಿರುತ್ತದೆ, ಬೆಂಕಿ ಇರುವುದಿಲ್ಲ. ಆ ಸುದ್ದಿಯನ್ನು ಮತ್ತೆ ಮತ್ತೆ ಕಳಿಸಿ ದಣಿದ ನರ ಕೊನೆಗೆ ಸುಮ್ಮನಾಗುತ್ತದೆ. ನರದ ನೋವಿಗೆ ಶೇಕಡಾ 8ರ ಕ್ಯಾಪ್ಸೈಸಿನ್ ಪಟ್ಟಿಯನ್ನು 2009ರಿಂದ ಅಮೆರಿಕದಲ್ಲಿ ಔಷಧಿಯಾಗಿ ಬಳಸುತ್ತಿರುವುದು ಈ ಗುಣದಿಂದಲೇ. ನಿಕೋಟಿನ್ ಇದಕ್ಕೆ ತೀರ ವಿರುದ್ಧ. 1828ರಲ್ಲಿ ಜರ್ಮನಿಯಲ್ಲಿ ತಂಬಾಕಿನಿಂದ ಬೇರ್ಪಡಿಸಲಾದ ಈ ವಸ್ತು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಚರ್ಮದ ಮೂಲಕ ನೇರ ರಕ್ತಕ್ಕೆ ಇಳಿಯುತ್ತದೆ. ಇಳಿಯುವಾಗ ಕೈಗೆ ಏನೂ ಅನ್ನಿಸುವುದಿಲ್ಲ.

ತಂಬಾಕಿನ ಹೊಲದಲ್ಲಿ ಕುಡಿ ಚಿವುಟುವ ಕೆಲಸವಿದೆ. ಹೂಬಿಡುವ ಮೊದಲು ತುದಿ ಮುರಿದು, ಆಮೇಲೆ ಕಂಕುಳಲ್ಲಿ ಬರುವ ಚಿಗುರುಗಳನ್ನೂ ತೆಗೆಯುತ್ತಾರೆ. ಗಾಯಗೊಂಡ ಗಿಡ ಬೇರಿನಲ್ಲಿ ಹೆಚ್ಚು ನಿಕೋಟಿನ್ ತಯಾರಿಸಿ ಎಲೆಗೆ ಕಳಿಸುತ್ತದೆ. ಎಲೆಗೆ ‘ಕಸುವು’ ಬರುವುದು ಹೀಗೆ. ಇಬ್ಬನಿಯಲ್ಲೋ ಬೆವರಿನಲ್ಲೋ ಒದ್ದೆಯಾದ ಕೈಗೆ ಆ ಅಂಟು ಮೆತ್ತಿದಾಗ ನಿಕೋಟಿನ್ ಒಳಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ನಿಶ್ಶಕ್ತಿ. ಹಸಿರು ತಂಬಾಕಿನ ಬೇನೆ ಎಂದು ಇದನ್ನು ವೈದ್ಯಕೀಯದಲ್ಲಿ ಗುರುತಿಸಿದ್ದಾರೆ. ಬೀಡಿ ತಂಬಾಕಿನ ಇನ್ನೊಂದು ದೊಡ್ಡ ಸೀಮೆಯಾದ ಗುಜರಾತಿನಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದರ ಅಧ್ಯಯನ ನಡೆಸಿದೆ. ಬಿಸಿಲಿಗೆ ಹೀಗಾಯಿತು, ಪಿತ್ತಕ್ಕೆ ಹೀಗಾಯಿತು ಎಂದು ನಿಂಬೆಹಣ್ಣಿನ ಪಾನಕ ಕುಡಿದು ಮರುದಿನ ಮತ್ತೆ ಹೊಲಕ್ಕೆ ಹೋಗುವವರಿಗೆ ತಮ್ಮ ಅಂಗೈಯೇ ದಾರಿಯಾಯಿತೆಂದು ಹೇಗೆ ತಿಳಿಯಬೇಕು? ಉರಿದಿದ್ದರೆ ತಿಳಿಯುತ್ತಿತ್ತು.

ವಖಾರಿಯಲ್ಲಿ ತಂಬಾಕು ಒಣಗಿದ್ದಾಗಿರುತ್ತದೆ, ಅಲ್ಲಿ ಧೂಳಿನದೇ ರಾಜ್ಯ. ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕು ಹಸನು ಮಾಡುವ ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಂಘ ಕಟ್ಟಿದ ಕಥೆಯನ್ನು ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿತು. ದೀಪಾ ಧನರಾಜ್ ಆ ತಂಡದವರಲ್ಲಿ ಒಬ್ಬರು. ಆ ಹೆಂಗಸರ ಬಗ್ಗೆ ಯೋಚಿಸುವಾಗಲೆಲ್ಲ ನನ್ನನ್ನು ಕಾಡುವುದು ಮೂಗಿನ ವಿಚಾರ. ಹೊಸದಾಗಿ ಕೆಲಸಕ್ಕೆ ಬಂದವಳು ಸೀನುತ್ತಾಳೆ, ಕೆಮ್ಮುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ. ರೂಢಿಯಾಯಿತು ಎಂದರೆ ಮೂಗು ದೂರು ಹೇಳುವುದನ್ನು ಬಿಟ್ಟಿತು ಎಂದು ಮಾತ್ರ ಅರ್ಥ. ಪುಪ್ಪುಸದೊಳಗೆ ಧೂಳು ಮೊದಲಿನಂತೆಯೇ ಹೋಗುತ್ತಿರುತ್ತದೆ.

ಆದ್ದರಿಂದ ‘ನಮಗೆ ರೂಢಿಯಿದೆ, ಏನೂ ಆಗೋದಿಲ್ಲ’ ಎಂಬ ಮಾತನ್ನು ಖಾರದ ವಿಷಯದಲ್ಲಿ ಒಪ್ಪುತ್ತೇನೆ, ತಂಬಾಕಿನ ವಿಷಯದಲ್ಲಿ ಒಪ್ಪಲಾರೆ. ಖಾರ ತಿಂದು ಬೆಳೆದವನ ನರ ನಿಜವಾಗಿಯೂ ಪಳಗಿರುತ್ತದೆ. ಪಳಗಬೇಕಾದ್ದೂ ಅಲ್ಲಿ ನರವೊಂದೇ. ತಂಬಾಕಿನಲ್ಲಿ ಪಳಗುವುದು ಮೂಗು, ಸವೆಯುವುದು ಬೇರೆ ಅಂಗ. ಮೈಗೆ ಗೊತ್ತಾಗದ ಅಪಾಯವನ್ನು ಮೈಯ ಅನುಭವದಿಂದ ಅಳೆಯಲು ಬಾರದು. ಅದನ್ನು ಅಳೆಯಲು ರಕ್ತ, ಮೂತ್ರದ ಪರೀಕ್ಷೆಯೇ ಆಗಬೇಕು. ಪರೀಕ್ಷೆ ಮಾಡಿಸುವ ಹೊಣೆಯನ್ನು ಕೆಲಸ ಕೊಡುವವರು, ಸರಕಾರ ಹೊರಬೇಕು. ದಿನಗೂಲಿಗೆ ಬಂದವಳಿಗೆ ‘ನಿನಗೇನಾದರೂ ತ್ರಾಸು ಐತೇನವಾ?’ ಎಂದು ಕೇಳಿ, ಅವಳು ಇಲ್ಲ ಎಂದದ್ದನ್ನೇ ದಾಖಲೆ ಮಾಡಿಕೊಂಡರೆ ಅದು ವಿಚಾರಣೆಯಲ್ಲ.

ಖಾರ ಕುಟ್ಟಿ ಬಂದ ಕೈಗೆ ಏನು ಮಾಡಬೇಕೆಂದು ಈ ಸೀಮೆಯ ಪ್ರತಿಯೊಂದು ಮನೆಗೆ ಗೊತ್ತು. ಎಣ್ಣೆ ತಿಕ್ಕುತ್ತಾರೆ, ಮೊಸರು ಹಚ್ಚುತ್ತಾರೆ, ಕಣ್ಣು ಮುಟ್ಟಬೇಡ ಎಂದು ಮಕ್ಕಳಿಗೆ ಹೇಳುತ್ತಾರೆ, ಆ ಹೊತ್ತು ರೊಟ್ಟಿಯ ಹಿಟ್ಟಿಗೆ ಬೇರೆಯವರು ಕೈ ಹಾಕುತ್ತಾರೆ. ತಂಬಾಕಿನ ಹೊಲದಿಂದ ಬಂದ ಕೈಗೆ ಇಂಥದೊಂದು ರೂಢಿ ಬೆಳೆದಿಲ್ಲ. ಕೈಗವಸು ಬೇಕು, ತೋಳು ಮುಚ್ಚುವ ಅಂಗಿ ಬೇಕು, ಕೆಲಸದ ಜಾಗದಲ್ಲಿಯೇ ಸಾಬೂನು ಮತ್ತು ನೀರು ಬೇಕು. ಸದ್ಯಕ್ಕೆ ಆ ಕೈ ಮನೆಗೆ ಬಂದು, ಸೆರಗಿಗೆ ಒರೆಸಿಕೊಂಡು, ಹಿಟ್ಟು ನಾದಲು ಕೂರುತ್ತದೆ. ಉರಿ ಇಲ್ಲವಲ್ಲ.